ಬೇಡ ಎಂದ ಪಾಲು

ಹೋದ ವರ್ಷ ಡಿಸೆಂಬರಿನ ಒಂದು ಶನಿವಾರ ರಾತ್ರಿ ಅಣ್ಣ ಫೋನ್ ಮಾಡಿದ. ಅವನು ಫೋನ್ ಮಾಡುವುದು ಸಾಮಾನ್ಯವಾಗಿ ಭಾನುವಾರ ಬೆಳಿಗ್ಗೆ, ಅದೂ ಅತ್ತಿಗೆ ನಂಬರ್ ಒತ್ತಿ ಕೈಗೆ ಕೊಟ್ಟರೆ. ಹೊತ್ತಲ್ಲದ ಹೊತ್ತಿನಲ್ಲಿ ಅವನ ಹೆಸರು ಕಂಡು ಎದೆ ಧಸಕ್ಕೆಂದಿತು. ಊರು ಬಿಟ್ಟು ಬಂದವರಿಗೆಲ್ಲ ಈ ಧಸಕ್ಕು ಗೊತ್ತಿರುತ್ತದೆ.

"ಎಂತ ಮಾಡ್ತಿದ್ದೀಯೆ?" ಅಂದ. ದನಿಯಲ್ಲಿ ಖುಷಿ ಇತ್ತು. ಉಸಿರು ಬಂತು.

"ಎಂತ ಇಲ್ಲ. ಊಟ ಆಯ್ತು. ನಿಂದು?"

"ನಾಳೆ ರಾತ್ರಿ ಪುಣೆ ಬಸ್ಸಿಗೆ ಒಂದು ಪಾರ್ಸೆಲ್ ಹಾಕ್ಲಾ ಅಂತ. ಅಡಿಕೆ, ಹಪ್ಪಳ ಅಲ್ಲ ಮಾರಾಯ್ತಿ. ಕಾಡಿಂದು. ಥರ್ಮಾಕೋಲ್ ಡಬ್ಬಿಲಿ ಐಸ್ ಹಾಕಿ ಕಟ್ತೀನಿ, ಬೆಳಿಗ್ಗೆಗೆ ನಿನ್ನ ಕೈಗೆ ಸಿಗ್ತದೆ. ಕಳಿಸ್ಲಾ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಮೂರು ನಾಲ್ಕು ಸೆಕೆಂಡು ಸುಮ್ಮನಿದ್ದೆ ಅಂತ ಕಾಣುತ್ತದೆ. ಅಷ್ಟರಲ್ಲಿ ನನ್ನ ಬಾಯಲ್ಲಿ ನೀರು ಬಂದದ್ದು ನಿಜ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರೆಯುವುದೆಲ್ಲ ಸುಳ್ಳಾಗುತ್ತದೆ.

*

ನಮ್ಮೂರು ತೀರ್ಥಹಳ್ಳಿಗೂ ಕೊಪ್ಪಕ್ಕೂ ನಡುವೆ. ಊರು ಅಂದರೆ ಬೀದಿ, ಸಾಲು ಮನೆ ಅಂತ ತಿಳಿಯಬೇಡಿ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಹಳ್ಳ, ಒಂದು ಗುಡ್ಡ, ಒಂದು ಅಡಿಕೆ ತೋಟ. ಕುವೆಂಪು, ತೇಜಸ್ವಿ ಓದಿದವರಿಗೆ ನಮ್ಮ ಕಡೆಯ ಶಿಕಾರಿಯ ವಿಷಯ ಹೇಳಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಗಂಡಸರು ಕೋವಿ, ನಾಯಿ ಕಟ್ಟಿಕೊಂಡು ಹೊರಡುತ್ತಿದ್ದರು. ಕೋವಿಯವರು ಬಿಲ್ಲಿಗೆ ಹೋಗಿ ಕೂರುವುದು, ಉಳಿದವರು ಹಳುವಿಗೆ ನುಗ್ಗಿ ಕೂಗು ಹಾಕುತ್ತಾ ಹಂದಿಯನ್ನು ಆ ದಿಕ್ಕಿಗೆ ಎಬ್ಬಿಸುವುದು. ನಾವು ಮಕ್ಕಳು ಅಂಗಳದಲ್ಲಿ ನಿಂತು ಈಡಿನ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದೆವು. ಒಂದೇ ಈಡು ಕೇಳಿದರೆ ಬಿತ್ತು ಅಂತ ಅರ್ಥ. ಒಂದರ ಹಿಂದೆ ಒಂದು ನಾಲ್ಕು ಕೇಳಿದರೆ ಅಜ್ಜಿ "ಹೋಯ್ತು, ಇವತ್ತು ಬಸಳೆ ಸಾರೇ ಗತಿ" ಅಂತ ಒಳಗೆ ಹೋಗುತ್ತಿದ್ದಳು.

ಬಿದ್ದ ಹಂದಿಯನ್ನು ಕಂಬಕ್ಕೆ ಕಟ್ಟಿ ಹೊತ್ತು ತರುತ್ತಿದ್ದರು. ಒಣಹುಲ್ಲು, ಅಡಿಕೆ ಸೋಗೆ ಹಾಕಿ ಬೆಂಕಿ ಮಾಡಿ ಕೂದಲು ಸುಟ್ಟು, ಕತ್ತಿಯಲ್ಲಿ ಹೆರೆದು, ಬಿಸಿನೀರು ಹೊಯ್ದು ತೊಳೆದು, ಆಮೇಲೆ ಬಾಳೆಲೆಯ ಮೇಲೆ ಕೊಯ್ಯುವುದು. ನಮಗೆ ಸುಟ್ಟ ಚರ್ಮದ ಆ ವಾಸನೆ ಬಂದ ಕೂಡಲೇ ಹಸಿವು ಶುರು. ಲಿವರಿನ ತುಂಡನ್ನು ಕಡ್ಡಿಗೆ ಚುಚ್ಚಿ, ಉಪ್ಪು ಹಚ್ಚಿ, ಕೆಂಡದ ಮೇಲೆ ಹಿಡಿದು ಮಕ್ಕಳಿಗೆ ಕೊಡುತ್ತಿದ್ದರು. ಪಾಲು ಆಗುವವರೆಗೆ ಗಲಾಟೆ ಮಾಡಬಾರದು ಅಂತ ಕೊಡುತ್ತಿದ್ದ ಲಂಚ ಅದು.

ಪಾಲು ಹಾಕುವುದೇ ಶಿಕಾರಿಯ ಮುಖ್ಯ ಭಾಗ ಅಂತ ನನಗೆ ಈಗ ಅನ್ನಿಸುತ್ತದೆ. ಈಡು ಹೊಡೆದವನಿಗೆ ಕೋವಿ ಪಾಲು. ನಾಯಿ ತಂದವನಿಗೆ ನಾಯಿ ಪಾಲು. ಹಳು ನುಗ್ಗಿದ ಪ್ರತಿಯೊಬ್ಬನಿಗೂ ಒಂದೊಂದು. ಆಮೇಲೆ ಬಾರದವರ ಮನೆಗಳಿಗೆ: ಕಾಲು ಮುರಿದುಕೊಂಡು ಮಲಗಿದವನಿಗೆ, ಗಂಡ ಸತ್ತ ಹೆಂಗಸಿಗೆ, ಬಾಣಂತಿ ಇರುವ ಮನೆಗೆ. ಬಾಳೆಲೆಯಲ್ಲಿ ಕಟ್ಟಿದ ಆ ಪೊಟ್ಟಣ ಬಾಗಿಲಿಗೆ ಬಂತು ಅಂದರೆ ನೀವು ಊರಿನವರು ಎಂದು ಅರ್ಥ. ಬರಲಿಲ್ಲ ಅಂದರೆ ಏನೋ ಮನಸ್ತಾಪ. ಬಂದದ್ದನ್ನು ಬೇಡ ಅಂದರೆ ಅದಕ್ಕಿಂತ ದೊಡ್ಡ ಮಾತಿಲ್ಲ.

ಕಾನೂನು ಆಗಲೇ ಇತ್ತು. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಮೊದಲಿಗೆ ಅದರಲ್ಲಿ ಪರವಾನಗಿ ತೆಗೆದುಕೊಂಡು ಕೆಲವು ಪ್ರಾಣಿಗಳನ್ನು ಹೊಡೆಯಲು ಅವಕಾಶವಿತ್ತು, ಕಾಡುಹಂದಿಯೂ ಆ ಪಟ್ಟಿಯಲ್ಲಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ನಾನು ಹುಟ್ಟಿದ್ದು 1988ರಲ್ಲಿ. ಅಂದರೆ ನೆನಪಿರುವಂತೆ ನಾನು ತಿಂದ ಪ್ರತಿ ತುತ್ತೂ ಕಾಯಿದೆಗೆ ವಿರುದ್ಧವಾದದ್ದೇ. ನಮ್ಮ ಮನೆಯಲ್ಲಿ ಅದನ್ನು ಹಾಗೆ ಯಾರೂ ಯೋಚಿಸಿರಲಿಲ್ಲ. "ಗಾರ್ಡ್ ಬಂದಾನೆ" ಅನ್ನುವ ಹೆದರಿಕೆ ಇತ್ತು, ತಪ್ಪು ಅನ್ನುವ ಭಾವನೆ ಇರಲಿಲ್ಲ. ಎರಡಕ್ಕೂ ವ್ಯತ್ಯಾಸವಿದೆ ಅಂತ ತಿಳಿದದ್ದು ತುಂಬಾ ತಡವಾಗಿ.

*

ಅಜ್ಜಿಯ ಹಂದಿ ಸಾರಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ.

ಕಾಡುಹಂದಿಯ ಮಾಂಸ ಕಡುಗೆಂಪು. ಕೊಬ್ಬು ಕಡಿಮೆ, ನಾರು ಹೆಚ್ಚು, ಚರ್ಮ ದಪ್ಪ. ದಿನವಿಡೀ ಓಡಿ, ನೆಲ ಉತ್ತು, ಗೆಡ್ಡೆ ಕಿತ್ತು ತಿಂದ ಮೈ ಅದು. ಅವಸರ ಮಾಡಿದರೆ ಹಲ್ಲಿಗೆ ಬಗ್ಗುವುದಿಲ್ಲ. ಅಜ್ಜಿ ತುಂಡುಗಳಿಗೆ ಉಪ್ಪು, ಅರಿಸಿನ ಹಚ್ಚಿ ಮಡಕೆಗೆ ಹಾಕಿ, ಮಾಂಸವೇ ನೀರು ಬಿಟ್ಟು ಆ ನೀರು ಇಂಗುವವರೆಗೆ ಸಣ್ಣ ಉರಿಯಲ್ಲಿ ಇಡುತ್ತಿದ್ದಳು. ಆ ಹೊತ್ತಿಗೆ ಕೊತ್ತಂಬರಿ, ಜೀರಿಗೆ, ಸಾಸಿವೆ, ನಾಲ್ಕು ಕಾಳು ಮೆಂತ್ಯ, ಕೈತುಂಬ ಕಾಳುಮೆಣಸು ಬೇರೆ ಬೇರೆಯಾಗಿ ಹುರಿಯುವುದು. ಕಂದು ಬಣ್ಣ ದಾಟಿ ಕಪ್ಪಿಗೆ ತಿರುಗುವ ಹೊತ್ತಿನಲ್ಲಿ ಬಾಣಲೆ ಇಳಿಸಬೇಕು. ಒಂದು ಗಳಿಗೆ ಹೆಚ್ಚಾದರೆ ಕಹಿ, ಕಡಿಮೆಯಾದರೆ ಬರೀ ಸಾಂಬಾರು. ಶುಂಠಿ, ಬೆಳ್ಳುಳ್ಳಿ, ಈರುಳ್ಳಿ, ಹಸಿಮೆಣಸು ಜಜ್ಜಿ ಹಾಕಿ ಮತ್ತೆ ಬೇಯಿಸುವುದು. ಹುರಿದ ಪುಡಿ ಬೀಳುವುದು ಕೊನೆಗೆ. ಎಲ್ಲಕ್ಕೂ ಕಡೆಗೆ ಉಪ್ಪಾಗೆ ಹುಳಿ.

ಉಪ್ಪಾಗೆ ಗೊತ್ತಿಲ್ಲದವರಿಗೆ: ಕೊಡಗಿನವರ ಕಾಚಂಪುಳಿ ಇದೇ ಹಣ್ಣಿನದು. ಮಳೆಗಾಲದಲ್ಲಿ ಹಳದಿಯಾಗಿ ಉದುರುವ ಹಣ್ಣಿನ ರಸ ಇಳಿಸಿ, ಕುದಿಸಿ ಕುದಿಸಿ, ಕಾಕಂಬಿಯ ಹಾಗೆ ಕಪ್ಪಗೆ ಮಂದ ಮಾಡಿ ಸೀಸೆಗೆ ತುಂಬುತ್ತಾರೆ. ಅರ್ಧ ಚಮಚ ಬಿದ್ದರೆ ಸಾರಿನ ಬಣ್ಣವೇ ತಿರುಗುತ್ತದೆ. ಜೊತೆಗೆ ಅಕ್ಕಿ ತರಿಯ ಕಡುಬು. ಬಿಸಿ ಕಡುಬನ್ನು ಮುರಿದು, ನಡುವೆ ಗುಳಿ ಮಾಡಿ, ಅಲ್ಲಿಗೆ ಸಾರು.

ಎಲೆಯ ಮುಂದೆ ಕೂತವರಿಗೆ ಅಜ್ಜಿ ಪ್ರತಿಸಲ ಒಂದೇ ಮಾತು ಹೇಳುತ್ತಿದ್ದಳು: "ಚರೆ ನೋಡ್ಕೊಂಡು ತಿನ್ನಿ." ಕೋವಿಯ ಚರೆ ಮಾಂಸದೊಳಗೆ ಉಳಿದಿರುತ್ತಿತ್ತು. ಹಲ್ಲಿಗೆ ಕಟ್ಟೆಂದು ಸಿಕ್ಕಿದರೆ ತೆಗೆದು ಎಲೆಯ ತುದಿಗಿಟ್ಟು ಯಾರಿಗೆ ಎಷ್ಟು ಸಿಕ್ಕಿತು ಅಂತ ಎಣಿಸುತ್ತಿದ್ದೆವು. ಅದು ಸೀಸ, ಮಕ್ಕಳ ಹೊಟ್ಟೆಗೆ ಹೋಗಬಾರದ ವಿಷ ಅಂತ ಆಗ ಯಾರು ಹೇಳಬೇಕು? ನಮಗೆ ಅದು ಆಟ.

*

ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಕೆಂಪಿಯ ಬಾಯಿ ಸಿಡಿಯಿತು.

ಶಿಕಾರಿ ಆ ಹೊತ್ತಿಗೆ ಬದಲಾಗಿತ್ತು. ಹತ್ತು ಹನ್ನೆರಡು ಜನ ಸೇರಿ ಸದ್ದು ಮಾಡಿಕೊಂಡು ಕಾಡಿಗೆ ಹೋದರೆ ಸುದ್ದಿಯಾಗುತ್ತದೆ. ಹಾಗಾಗಿ ಕೆಲವರು ಸದ್ದಿಲ್ಲದ ದಾರಿ ಹಿಡಿದಿದ್ದರು. ಒಂದು ಉರುಳು: ಬೈಕಿನ ಬ್ರೇಕ್ ಕೇಬಲ್ಲಿನಿಂದ ಮಾಡಿದ ಕುಣಿಕೆ, ಹಂದಿ ದಾಟುವ ಬೇಲಿ ಸಂದಿಯಲ್ಲಿ ಕಟ್ಟುವುದು. ಅದಕ್ಕೆ ಹಂದಿಯೇ ಸಿಗಬೇಕೆಂದಿಲ್ಲ, ಚಿರತೆಯೂ ಸಿಗುತ್ತದೆ, ಊರ ನಾಯಿಯೂ ಸಿಗುತ್ತದೆ, ಎಳೆದಷ್ಟೂ ಬಿಗಿಯುತ್ತದೆ. ಇನ್ನೊಂದು ಸಿಡಿಮದ್ದು. ತಿನ್ನುವ ವಸ್ತುವಿನೊಳಗೆ ಮದ್ದಿನ ಉಂಡೆ ಹುದುಗಿಸಿ ಹಂದಿ ಬರುವ ಜಾಗದಲ್ಲಿ ಇಟ್ಟು ಬರುವುದು. ಕಚ್ಚಿದರೆ ದವಡೆ ಹಾರುತ್ತದೆ.

ಕೆಂಪಿ ಗಬ್ಬದ ಹಸು. ಗದ್ದೆ ಅಂಚಿನಲ್ಲಿ ಮೇಯುತ್ತಿತ್ತು. ಸದ್ದು ಕೇಳಿ ಅಪ್ಪಯ್ಯ, ಅಣ್ಣ ಓಡಿದರು. ಹಿಂದೆ ನಾನೂ ಓಡಿದೆ. ನಾನು ಕಂಡದ್ದನ್ನು ಇಲ್ಲಿ ಬರೆಯುವುದಿಲ್ಲ. ಕೆಳದವಡೆ ಇರಲಿಲ್ಲ ಅಂದರೆ ಸಾಕು. ಅದು ಕೂಡಲೇ ಸಾಯಲಿಲ್ಲ. ದನದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಹೋದರು. ಅಪ್ಪಯ್ಯ ಗೊಟ್ಟದಲ್ಲಿ ಗಂಜಿ ಹೊಯ್ಯಲು ನೋಡಿದರು. ಒಂಬತ್ತು ದಿನ. ಹೊಟ್ಟೆಯಲ್ಲಿದ್ದ ಕರು ಹೊರಳುವುದು ಮೊದಮೊದಲು ಹೊರಗೆ ಕಾಣುತ್ತಿತ್ತು. ಆಮೇಲೆ ಅದೂ ನಿಂತಿತು.

ಮದ್ದು ಇಟ್ಟವರು ಯಾರು ಎಂದು ಅಪ್ಪಯ್ಯನಿಗೆ ಗೊತ್ತಿತ್ತು. ನಮ್ಮಿಂದ ಎರಡನೇ ಮನೆ. ಅಪ್ಪಯ್ಯನ ಜೊತೆ ವರ್ಷಗಟ್ಟಲೆ ಬಿಲ್ಲಿಗೆ ಕೂತವರು. ಅಪ್ಪಯ್ಯ ದೂರು ಕೊಡಲಿಲ್ಲ, ಜಗಳಕ್ಕೂ ಹೋಗಲಿಲ್ಲ. ತಿಂಗಳು ಕಳೆದ ಮೇಲೆ ಆ ಮನೆಯ ಹುಡುಗ ಒಂದು ಸಂಜೆ ಬಾಳೆಲೆ ಪೊಟ್ಟಣ ತಂದು ಜಗಲಿಯ ಮೇಲಿಟ್ಟ. ಅಪ್ಪಯ್ಯ ಅದನ್ನು ನೋಡಿದರು. "ನಮ್ಗೆ ಬೇಡ ಮಗಾ, ವಾಪಸ್ ತಗೊಂಡು ಹೋಗು" ಅಂದರು. ದನಿ ಏರಿಸಲಿಲ್ಲ. ಹುಡುಗ ಎರಡು ಮೂರು ಸಲ ಹಿಂದೆ ತಿರುಗಿ ನೋಡುತ್ತಾ ಹೋದ.

ಆ ಎರಡು ಮನೆಗಳ ನಡುವೆ ಆಮೇಲೆ ಹದಿನಾಲ್ಕು ವರ್ಷ ಮಾತಿರಲಿಲ್ಲ. ಅಪ್ಪಯ್ಯ ಕೋವಿಯನ್ನು ಠಾಣೆಗೆ ಒಪ್ಪಿಸಿ ಬಂದರು. ಅವರು ಇರುವವರೆಗೂ ನಮ್ಮ ಮನೆಯ ಒಲೆಯ ಮೇಲೆ ಕಾಡಿನ ಮಾಂಸ ಬೇಯಲಿಲ್ಲ. ಅಜ್ಜಿ ಕೊನೆಗಾಲದಲ್ಲಿ ಒಂದೆರಡು ಸಲ ಕೇಳಿದ್ದುಂಟು. ಅಪ್ಪಯ್ಯ ಪೇಟೆಯಿಂದ ಊರ ಹಂದಿಯ ಮಾಂಸ ತಂದುಕೊಟ್ಟರು. ಅಜ್ಜಿ ತಿಂದಳು. "ಚರೆ ಇಲ್ಲ" ಅಂದಳು. ತಮಾಷೆಯೋ ಬೇಸರವೋ ನನಗೆ ತಿಳಿಯಲಿಲ್ಲ.

*

ಅಣ್ಣನ ಪ್ರಶ್ನೆಗೆ ಮರಳುತ್ತೇನೆ. "ಕಳಿಸ್ಲಾ?"

ನಾನು ಕೇಳಿದ್ದು ಇಷ್ಟು: "ಹೇಗೆ ಬಿತ್ತು ಅಣ್ಣ? ಉರುಳಾ, ಮದ್ದಾ?"

ಈಗ ಸುಮ್ಮನಾಗುವ ಸರದಿ ಅವನದು.

"ನಿಂಗೆ ಅದೆಲ್ಲ ಎಂತಕ್ಕೆ? ಪಾಲು ಬಂತು, ನಾನು ಇಟ್ಟದ್ದಲ್ಲ."

"ಹಂಗಾದ್ರೆ ಬೇಡ."

"ಪುಣೆಲಿ ಕೂತು ಹೇಳೋದು ಸುಲಭ" ಅಂದ. ಆಮೇಲೆ ಅವನು ಹೇಳಿದ್ದನ್ನೆಲ್ಲ ನಾನು ಅಡ್ಡ ಬಾರದೆ ಕೇಳಿದೆ. ಯಾಕೆಂದರೆ ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಕೊಯ್ಲಿಗೆ ಒಂದು ವಾರ ಇರುವಾಗ ಒಂದೇ ರಾತ್ರಿ ಹದಿನೈದು ಹಂದಿ ಗದ್ದೆಗಿಳಿದದ್ದು. ತಿಂದದ್ದಕ್ಕಿಂತ ಹೊರಳಾಡಿ ಹಾಳು ಮಾಡಿದ್ದು ಹೆಚ್ಚು. ಮಾಳದ ಮೇಲೆ ಕೂತು ಡಬ್ಬ ಬಡಿದು ಬಡಿದು ಅವನಿಗೆ ನಿದ್ದೆಯೇ ಮರೆತುಹೋದದ್ದು. ಸೋಲಾರ್ ಬೇಲಿಯ ಬ್ಯಾಟರಿ ಎರಡು ವರ್ಷಕ್ಕೆ ಕೈಕೊಟ್ಟದ್ದು. ಪರಿಹಾರಕ್ಕೆ ಅರ್ಜಿ, ಪಹಣಿ, ಫೋಟೋ ಎಂದು ಅಲೆದ ಬಸ್ ಚಾರ್ಜು ಕೂಡ ಹುಟ್ಟದಿದ್ದದ್ದು. ಅಕ್ಕಪಕ್ಕದ ಗದ್ದೆಗಳೆಲ್ಲ ಹಡಿಲು ಬಿದ್ದಿವೆ, ಇಲ್ಲವೇ ಅಡಿಕೆಯಾಗಿವೆ. ಭತ್ತ ಹಾಕುವವನು ಅವನೊಬ್ಬನೇ, ಹಾಗಾಗಿ ಹಂದಿಗಳೆಲ್ಲ ಅವನೊಬ್ಬನ ಗದ್ದೆಗೇ. "ಮುಂದಿನ ವರ್ಷ ನಾನೂ ಬಿಡ್ತೀನಿ. ಆಮೇಲೆ ಕಡುಬಿಗೆ ಅಕ್ಕಿ ನೀನು ಪುಣೆಯಿಂದ ಕಳ್ಸು."

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. ಬಿಹಾರ, ಉತ್ತರಾಖಂಡಗಳಲ್ಲಿ ಕೆಲವು ಜಿಲ್ಲೆಗಳ ಮಟ್ಟಿಗೆ ಕಾಡುಹಂದಿಯನ್ನು ಉಪದ್ರವಕಾರಿ ಎಂದು ಕೇಂದ್ರ ಸರ್ಕಾರ ಕೆಲಕಾಲ ಘೋಷಿಸಿತ್ತು. ಕೇರಳದಲ್ಲಿ 2022ರಿಂದ ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಲು ಪಂಚಾಯ್ತಿ ಅಧ್ಯಕ್ಷರೇ ಅನುಮತಿ ಕೊಡಬಹುದು, ಆದರೆ ಕೊಂದದ್ದನ್ನು ತಿನ್ನುವಂತಿಲ್ಲ, ವಿಲೇವಾರಿ ಮಾಡಬೇಕು. ನನ್ನ ಆಫೀಸಿನಲ್ಲಿ ಸಿಂಧುದುರ್ಗದ ಕಡೆಯ ಹುಡುಗ ಒಬ್ಬನಿದ್ದಾನೆ. ರಾನ್‌ಡುಕ್ಕರ್ ಅಂದರೆ ಸಾಕು, ಅವನ ಮುಖ ನಮ್ಮಣ್ಣನ ಮುಖದ ಹಾಗೇ ಆಗುತ್ತದೆ. ಸಹ್ಯಾದ್ರಿಯ ಉದ್ದಕ್ಕೂ ಒಂದೇ ಜಗಳ, ಭಾಷೆ ಬೇರೆ ಅಷ್ಟೆ.

ಅಣ್ಣ ಕೊನೆಗೆ ಹೇಳಿದ ಮಾತು ಬೇರೆ. "ಅಂದ್ರೆ ಮನೆ ಪಾಲು ಬೇಡ ನಿಂಗೆ" ಅಂದ. ಫೋನ್ ಇಟ್ಟ.

ಆ ಮಾತಿನ ಹಿಂದೆ ಏನಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಅಪ್ಪಯ್ಯ ತೀರಿಕೊಂಡ ಮರುವರ್ಷ ನಾನು ಊರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದಿದ್ದೆ. 2005ರ ತಿದ್ದುಪಡಿಯಾದ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲಿದೆ, ಅದನ್ನು ಬಿಡುವಾಗ ಯೋಚಿಸು ಅಂತ ಗೆಳತಿಯರು ಹೇಳಿದ್ದರು. ಯಾರೂ ಒತ್ತಾಯ ಮಾಡಲಿಲ್ಲ. ಅಣ್ಣ ಬಾಯಿಬಿಟ್ಟು ಕೇಳಿದ್ದೂ ಇಲ್ಲ. ಅತ್ತಿಗೆ ಕಾಫಿ ತಂದಿಟ್ಟಳು, ಅಣ್ಣ ಅಂಗಳ ನೋಡುತ್ತಾ ಕೂತಿದ್ದ, ನಾನು ಸಹಿ ಹಾಕಿದೆ. ಅಲ್ಲಿಂದ ಈಚೆಗೆ ಪಾರ್ಸೆಲ್ ಶುರುವಾಯಿತು. ಕಾಳುಮೆಣಸು, ಹಲಸಿನ ಹಪ್ಪಳ, ಅಪ್ಪೆಮಿಡಿ, ಕೆಂಪಕ್ಕಿ, ಕಳಲೆ. ಎರಡು ತಿಂಗಳಿಗೊಮ್ಮೆ ತಪ್ಪದೆ. ಜೊತೆಯಲ್ಲಿ ಚೀಟಿ ಇರುವುದಿಲ್ಲ, ಇದು ನಿನ್ನ ಪಾಲು ಅಂತ ಅವನು ಯಾವತ್ತೂ ಹೇಳಿಲ್ಲ. ಆದರೆ ಅದು ಅದೇ. ಅವನಿಗೆ ಗೊತ್ತಿರುವ ರೀತಿಯಲ್ಲಿ ಅವನು ಲೆಕ್ಕ ತೀರಿಸುತ್ತಿದ್ದ. ಆ ಡಬ್ಬಿಯನ್ನು ಬೇಡ ಅಂದಾಗ ನಾನು ಬೇಡ ಅಂದದ್ದು ಬರೀ ಮಾಂಸವನ್ನಲ್ಲ.

ಅಪ್ಪಯ್ಯ ಬೇಡ ಅಂದದ್ದಕ್ಕೆ ಹದಿನಾಲ್ಕು ವರ್ಷ ಮಾತು ನಿಂತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

*

ಮೂರು ಭಾನುವಾರ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ನಾಲ್ಕನೇ ಭಾನುವಾರ ಬೆಳಿಗ್ಗೆ ಎದ್ದು ಬಸ್ ಹಿಡಿದು ಕ್ಯಾಂಪಿಗೆ ಹೋಗಿ ಹಂದಿ ಮಾಂಸದ ಅಂಗಡಿ ಹುಡುಕಿ ಒಂದೂವರೆ ಕಿಲೋ ತಂದೆ. ಚರ್ಮದ ಜೊತೆಗೇ ಬೇಕು ಅಂದಾಗ ಅಂಗಡಿಯವನು "ಕೂರ್ಗ್ ಕಾ?" ಅಂದ. "ಬಾಜೂ ಕಾ" ಅಂದೆ.

ಮನೆಗೆ ತಂದು ತೊಳೆಯುವಾಗಲೇ ಇದು ಬೇರೆ ಲೋಕದ್ದು ಅನ್ನಿಸಿತು. ತಿಳಿ ಗುಲಾಬಿ ಬಣ್ಣ, ಎರಡು ಬೆರಳು ದಪ್ಪದ ಬಿಳಿ ಕೊಬ್ಬು. ಮಸಾಲೆ ಎಷ್ಟು, ಉರಿ ಎಷ್ಟು ಒಂದೂ ಅಂದಾಜಾಗಲಿಲ್ಲ. ಅತ್ತಿಗೆಗೆ ಫೋನ್ ಮಾಡಿದೆ.

"ಅತ್ತಿಗೆ, ಊರ ಹಂದಿಗೆ ಎಣ್ಣೆ ಎಷ್ಟು ಹಾಕ್ಲಿ?"

ಅತ್ತಿಗೆ ಉತ್ತರ ಹೇಳುವ ಮೊದಲೇ ಹಿಂದಿನಿಂದ ಒಂದು ದನಿ: "ಎಣ್ಣೆನೇ ಹಾಕ್ಬೇಡ ಅನ್ನು. ಅದ್ರದ್ದೇ ಕೊಬ್ಬು ಬಿಡ್ತದೆ."

"ಎಣ್ಣೆನೇ ಹಾಕ್ಬೇಡ್ವಂತೆ" ಅಂದಳು ಅತ್ತಿಗೆ, ನಾನು ಕೇಳಿಸಿಕೊಂಡೇ ಇಲ್ಲ ಎನ್ನುವ ಹಾಗೆ.

"ಕುಕ್ಕರಿಗೆ ಹಾಕ್ಲಾ?"

"ಕುಕ್ಕರ್ ಬೇಡ ಅನ್ನು. ಕರಗಿ ಹೋಗ್ತದೆ. ದಪ್ಪ ತಳದ ಪಾತ್ರೆಲಿ ಸಣ್ಣ ಉರಿ. ಆದ್ರೆ ಒಳಗಿನವರೆಗೆ ಬೇಯ್ಬೇಕು, ಹಂದಿ ಮಾಂಸ ಅರ್ಧ ಬೆಂದದ್ದು ತಿನ್ಬಾರ್ದು ಅನ್ನು."

ಹೀಗೆ ಅರ್ಧ ಗಂಟೆ, ನಡುವೆ ಅತ್ತಿಗೆಯನ್ನು ನಿಲ್ಲಿಸಿಕೊಂಡು ಅಣ್ಣ ತಂಗಿ ಮಾತಾಡಿದೆವು. ಮೆಂತ್ಯ ಕಪ್ಪಾಗುವಷ್ಟು ಬಿಡಬಾರದು. ಕಾಳುಮೆಣಸು ಕಾಡಿನದ್ದಕ್ಕಿಂತ ಇದಕ್ಕೆ ಹೆಚ್ಚು, ಕೊಬ್ಬು ಮುಖಕ್ಕೆ ಹೊಡೆಯಬಾರದು ಅಂದರೆ ಹುಳಿಯೂ ಹೆಚ್ಚು. ನನ್ನ ಸೀಸೆಯಲ್ಲಿ ಉಪ್ಪಾಗೆ ಮುಗಿದಿತ್ತು. ಇಲ್ಲಿಯ ಕಿರಾಣಿ ಅಂಗಡಿಯಲ್ಲಿ ಸಿಗುವ ಆಮ್ಸೂಲ್, ಅಂದರೆ ಮುರುಗಲಿನ ಒಣಸಿಪ್ಪೆ, ನೆನೆಸಿ ಹಿಂಡಿದೆ. ಉಪ್ಪಾಗೆಗೆ ಅದು ದಾಯಾದಿ. ಹುಳಿ ಬಂತು, ಕಪ್ಪು ಬರಲಿಲ್ಲ. ಸಾರು ಕೆಂಪಗೇ ಉಳಿಯಿತು.

"ಹೆಂಗಾಯ್ತಂತೆ?" ಹಿಂದಿನ ದನಿ.

"ಚರೆ ಇಲ್ಲ ಅನ್ನಿ ಅತ್ತಿಗೆ."

ಆಚೆ ಕಡೆ ಯಾರೋ ನಕ್ಕ ಹಾಗೆ ಕೇಳಿಸಿತು. ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದರು. ಕೆಂಪಿ ನೆನಪಾಯಿತೇನೋ. ಆ ಒಂಬತ್ತು ದಿನ ಗೊಟ್ಟ ಹಿಡಿದ ಅಪ್ಪಯ್ಯನ ಪಕ್ಕದಲ್ಲಿ ಅದರ ತಲೆ ಹಿಡಿದುಕೊಂಡು ಕೂತಿದ್ದವನು ಅಣ್ಣನೇ.

ರುಚಿಯ ಬಗ್ಗೆ ಸುಳ್ಳು ಹೇಳುವುದಿಲ್ಲ. ಅಜ್ಜಿಯ ಸಾರು ಅದಾಗಿರಲಿಲ್ಲ. ಮಾಂಸ ತೀರ ಮೆತ್ತಗಿತ್ತು, ಅಗಿದು ಗೆಲ್ಲುವ ಸುಖ ಅದರಲ್ಲಿರಲಿಲ್ಲ. ಆದರೆ ಹುರಿದ ಮಸಾಲೆಯ ವಾಸನೆ ಮೆಟ್ಟಿಲಿಳಿದು ಕೆಳಗಿನ ಮಹಡಿವರೆಗೆ ಹೋಗಿತ್ತು. ಪಕ್ಕದ ಫ್ಲ್ಯಾಟಿನಲ್ಲಿ ಮೂವರು ಹುಡುಗಿಯರಿದ್ದಾರೆ, ಒಬ್ಬಳು ಹಾಸನದವಳು, ಇಬ್ಬರು ನಾಗಾಲ್ಯಾಂಡಿನವರು. ಸಂಜೆ ಮೂರು ಡಬ್ಬಿ ತುಂಬಿಸಿ ಕೊಟ್ಟು ಬಂದೆ. ನಾಗಾ ಹುಡುಗಿ ಮುಚ್ಚಳ ತೆಗೆದು ಮೂಸಿ, ಅವರಲ್ಲಿ ಇದಕ್ಕೆ ಕಳಲೆ ಹಾಕುತ್ತಾರೆ ಅಂದಳು. ನಮ್ಮಲ್ಲೂ ಹಾಕುತ್ತಾರೆ, ಮುಂದಿನ ಸಲ ನೋಡೋಣ ಅಂದೆ.

ಕಾಡಿನ ಮಾಂಸ ಬೇಡ ಅನ್ನುವುದರಲ್ಲಿ ನನಗೆ ಈಗ ಅನುಮಾನವಿಲ್ಲ. ಕಾನೂನಿನ ಭಯ ಒಂದು ಕಾರಣ, ಅದು ಸಣ್ಣದು. ಉರುಳಿಗೆ, ಮದ್ದಿಗೆ ಬಿದ್ದ ಪ್ರಾಣಿಯ ಪಾಲಿನಲ್ಲಿ ಕೆಂಪಿಯ ಒಂಬತ್ತು ದಿನವೂ ಇದೆ, ಅದನ್ನು ಬೇರ್ಪಡಿಸಿ ತಿನ್ನಲು ನನಗೆ ಬರುವುದಿಲ್ಲ. ಆದರೆ ಗದ್ದೆ ಕಾಯುವವನಿಗೆ ನಾನು ಕೊಡಬಹುದಾದ ಉತ್ತರ ನನ್ನ ಬಳಿ ಇನ್ನೂ ಇಲ್ಲ. ಹೊಸ ಬ್ಯಾಟರಿಗೆ ಅಂತ ದುಡ್ಡು ಕಳಿಸಿದೆ. ಅಣ್ಣ ಎರಡು ದಿನ ಬಿಟ್ಟು ವಾಪಸ್ ಹಾಕಿದ. ಮತ್ತೆ ಕಳಿಸಿದೆ. ಈ ಸಲ ವಾಪಸ್ ಬಂದಿಲ್ಲ.

ಫೆಬ್ರವರಿಯಲ್ಲಿ ಪಾರ್ಸೆಲ್ ಬಂತು. ಬೆಳಿಗ್ಗೆ ಆರೂವರೆಗೆ ಹೈವೇ ಪಕ್ಕ ನಿಂತು ಇಳಿಸಿಕೊಂಡೆ. ಥರ್ಮಾಕೋಲ್ ಡಬ್ಬಿ ಇರಲಿಲ್ಲ. ಐದು ಕಿಲೋ ಕಡುಬಿನ ತರಿ, ಮತ್ತೆ ಹಳೇ ಬಟ್ಟೆಯಲ್ಲಿ ಸುತ್ತಿದ ಒಂದು ರಮ್ ಬಾಟ್ಲಿ. ಬಿರಡೆ ತೆಗೆದು ಮೂಸಿದೆ. ಉಪ್ಪಾಗೆ, ಅಜ್ಜಿ ಕಾಯಿಸುತ್ತಿದ್ದಷ್ಟೇ ಕಪ್ಪು. ಅಣ್ಣ ತಿನ್ನುವುದನ್ನು ಬಿಟ್ಟಿದ್ದಾನೋ ಇಲ್ಲವೋ ನಾನು ಕೇಳಿಲ್ಲ. ಈ ವರ್ಷವೂ ಭತ್ತ ಹಾಕುತ್ತೇನೆ ಅಂದಿದ್ದಾನೆ.